ಗಟ್ಟಿಯಾಗಿ ಓದಿದ ಹೆಸರು

ನನಗೆ ಡಿಗ್ರಿ ಆಗುವುದಿಲ್ಲ ಎಂದು ಹೇಳಿದವರು ನನ್ನ ದೊಡ್ಡ ಮಾವ. ನಮ್ಮ ಲ್ಯಾಬಿನ ಮೇಡಂಗೆ ಮಗು ಆಗುವುದಿಲ್ಲ ಎಂದು ಹೇಳಿದವರು ಅವರ ಅತ್ತೆ. ಎರಡರಲ್ಲಿ ಒಂದು ಮಾತು ಸುಳ್ಳಾಯಿತು.

ಮಾವ ಹೇಳಿದ್ದು ನಮ್ಮ ಅಂಗಳದಲ್ಲಿ ನಿಂತು, ಬೇಲಿಯಾಚೆಗೂ ಕೇಳುವ ಹಾಗೆ. ಅಮ್ಮ ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅಪ್ಪ ಮೀನಿನ ದಕ್ಕೆಯಲ್ಲಿ ಬೋಟುಗಳಿಗೆ ಐಸ್ ತುಂಬಿಸಿ ಬಂದು ಒಳಗೆ ಮಲಗಿದ್ದರು. "ಬೀಡಿ ಕಟ್ಟುವ ಮನೆಯಲ್ಲಿ ಡಿಗ್ರಿಯಾ? ಮಂಡೆ ಸಮ ಉಂಟಾ ನಿಂಗೆ?" ಎಂದು ಮಾವ ಅಮ್ಮನನ್ನು ಕೇಳಿದರು. "ಕೂಳೂರು ಹೊಳೆಯ ಸಂಕ ದಾಟಿ ಹೋಗ್ತಾಳೆ, ಮಳೆಗಾಲ ಮುಗಿಯುವ ಮೊದಲು ಅದೇ ಸಂಕದಲ್ಲಿ ವಾಪಸ್ ಬರ್ತಾಳೆ. ಬೇಕಾದ್ರೆ ಬರೆದಿಟ್ಕೊ." ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಮೇಡಂನ ಅತ್ತೆ ಹೇಳಿದ್ದು ಅಡುಗೆಮನೆಯಲ್ಲಿ, ಮೆಲ್ಲಗೆ. ಆಗ ಮೇಡಂಗೆ ಮದುವೆಯಾದ ಹೊಸತು. ತಿಂಗಳ ನೋವಿಗೆ ಒಳಕೋಣೆಯಲ್ಲಿ ಚಾಪೆಯ ಮೇಲೆ ಮುದುಡಿ ಮಲಗಿದ್ದರು. ಅತ್ತೆ ನೆರೆಮನೆಯವಳಿಗೆ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತಂತೆ: "ಇಷ್ಟು ನೋವು ತಿನ್ನುವ ಹೊಟ್ಟೆಯಲ್ಲಿ ಮಗು ನಿಲ್ಲಲಿಕ್ಕಿಲ್ಲ." ಇದನ್ನು ನನಗೆ ಹೇಳುವಾಗ ಮೇಡಂ ನಗುತ್ತಿದ್ದರು. "ಡಾಕ್ಟ್ರಿಗೆ ಸ್ಕ್ಯಾನು, ಎಂಆರ್‌ಐ ಎಲ್ಲ ಬೇಕಾಯ್ತು ಮಾರಾಯ್ತಿ. ನಮ್ಮ ಅತ್ತೆ ಒಲೆಯ ಹತ್ತಿರ ಕೂತೇ ರಿಪೋರ್ಟ್ ಕೊಟ್ರು."

ಮೇಡಂ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅದನ್ನು ನಾನು ಗಟ್ಟಿಯಾಗಿ ಓದಬೇಕಾಗಿ ಬಂದಿತ್ತು. ಅಷ್ಟು ಸಾಕು.

ನಾನು ಅವರ ಕೈಗೆ ಸಿಕ್ಕಿದ್ದು ಲ್ಯಾಬ್ ಟೆಕ್ನಾಲಜಿ ಬಿಎಸ್ಸಿಯ ಟ್ರೇನಿಂಗಿನಲ್ಲಿ. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆ. ಅದರ ಹಿಂಬದಿಯಲ್ಲಿ, ಯಾರೂ ತಪ್ಪಿಯೂ ಬಾರದ ಜಾಗದಲ್ಲಿ ನಮ್ಮ ಲ್ಯಾಬು. ಮೇಡಂ ಅಲ್ಲಿಯ ಹಿರಿಯ ಟೆಕ್ನಿಶಿಯನ್. ಆಪರೇಷನ್ನಿನಲ್ಲಿ ದೇಹದಿಂದ ಹೊರಗೆ ತೆಗೆದದ್ದೆಲ್ಲ ಕೊಳೆಯದ ಹಾಗೆ ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಅಲ್ಲಿಗೆ ಬರುತ್ತದೆ. ಡಾಕ್ಟರು ಅದನ್ನು ನೋಡಿ ಬೇಕಾದ ತುಂಡು ತೆಗೆದುಕೊಡುತ್ತಾರೆ. ನಾವು ಆ ತುಂಡನ್ನು ಮೇಣದಲ್ಲಿ ಅಚ್ಚು ಹಾಕಿ, ಐಸಿನ ಮೇಲೆ ಇಟ್ಟು ಗಟ್ಟಿ ಮಾಡಿ, ಯಂತ್ರದಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸುತ್ತೇವೆ. ಅದು ರಿಬ್ಬನ್ನಿನ ಹಾಗೆ ಬರುತ್ತದೆ. ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿನ ಪಟ್ಟಿಯ ಮೇಲೆ ಎತ್ತಿ, ಬಣ್ಣ ಹಾಕಿ ಡಾಕ್ಟರಿಗೆ ಕೊಟ್ಟರೆ ನಮ್ಮ ಕೆಲಸ ಮುಗಿಯಿತು.

ಮೊದಲ ದಿನ ಫಾರ್ಮಲಿನ್ ವಾಸನೆಗೆ ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮೇಡಂ ನೋಡಿ, "ಅಳುವುದಾದ್ರೆ ಈಗಲೇ ಅತ್ತು ಮುಗಿಸು. ಇಲ್ಲಿ ಯಾಕೆ ಅಂತ ಯಾರೂ ಕೇಳುವುದಿಲ್ಲ, ಅದೊಂದು ಸೌಕರ್ಯ ಉಂಟು" ಎಂದರು. ಅಪ್ಪನ ಕೆಲಸ ಎಂತ ಎಂದು ಕೇಳಿದರು. ಹೇಳಿದೆ. "ಒಳ್ಳೇದಾಯ್ತು. ಅಪ್ಪ ಮೀನಿಗೆ ಐಸ್ ಹಾಕ್ಲಿ, ಮಗಳು ಮೇಣಕ್ಕೆ ಹಾಕ್ಲಿ." ಅವತ್ತಿನಿಂದ ಐಸ್ ಟ್ರೇ ನನ್ನದು ಎಂದಾಗಬೇಕಿತ್ತು. ಆದರೆ ಅವರು ಬಿಡುತ್ತಿರಲಿಲ್ಲ. ಆ ಭಾರದ ಟ್ರೇಯನ್ನು ತಾವೇ ಎತ್ತಿ ತಂದು ಧಡ್ಡನೆ ಇಡುವುದು ಅವರ ಬೆಳಗಿನ ಶುರು.

ಗಿಡ್ಡ ಆಳು. ಜಡೆಯನ್ನು ಸುತ್ತಿ ಮೇಲೆ ಕ್ಲಿಪ್ ಹಾಕುತ್ತಿದ್ದರು. ಮೇಣ ಕರಗಿಸುವ ಓವನ್ನಿಗೆ ಬೆನ್ನು ಒರಗಿಸಿ ನಿಲ್ಲುವುದು ಅವರ ಅಭ್ಯಾಸ. ಮಾರ್ಚ್ ತಿಂಗಳ ಸೆಖೆಯಲ್ಲಿ, ನಾವೆಲ್ಲ ಫ್ಯಾನಿನ ಅಡಿಗೆ ಜಾಗ ಹುಡುಕುವಾಗ, ಇವರು ಬಿಸಿ ಓವನ್ನಿಗೆ ಒರಗಿ ನಿಂತಿರುತ್ತಿದ್ದರು. ಹಾಗೆ ನಿಂತರೆ ಸೊಂಟದ ನೋವು ಸ್ವಲ್ಪ ಸಡಿಲವಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಮೇಲೆ.

ಡಬ್ಬಿ ಬಂದರೆ ಮೊದಲು ಹೆಸರು ಓದಬೇಕು. ಇದು ಅವರ ಕಾನೂನು. ಒಬ್ಬರು ಗಟ್ಟಿಯಾಗಿ ಓದಬೇಕು: ಹೆಸರು, ವಯಸ್ಸು, ನಂಬರು, ಒಳಗೆ ಇರುವುದು ಎಂತ. ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು. ಆಮೇಲೆ ಮುಚ್ಚಳ ತೆಗೆಯುವುದು. ನಾನು ಒಮ್ಮೆ, "ಬರೆದದ್ದು ಕಾಣ್ತದಲ್ಲ ಮೇಡಂ, ಸುಮ್ಮನೆ ಪೊಕ್ಕಡೆ ಬೊಬ್ಬೆ ಯಾಕೆ?" ಎಂದಿದ್ದೆ.

"ಒಂದೇ ವಾರ್ಡಿನಲ್ಲಿ ಎರಡೆರಡು ಲಲಿತ ಇರ್ತಾರೆ ಗೊತ್ತುಂಟಾ ನಿಂಗೆ? ಡಬ್ಬಿಯ ಒಳಗಿರುವುದಕ್ಕೆ ಬಾಯಿಲ್ಲ. ಅದರ ಹೆಸರು ನಾವೇ ಹೇಳ್ಬೇಕು."

ಗರ್ಭಕೋಶದ ಡಬ್ಬಿಗಳು ತುಂಬಾ ಬರುತ್ತಿದ್ದವು. ಅದರಲ್ಲಿ ಎಷ್ಟೋ ಅಡಿನೋಮಯೋಸಿಸ್ ಎಂಬ ರೋಗದ್ದು. ಮೇಡಂಗೆ ಇದ್ದದ್ದೂ ಅದೇ. ಅದನ್ನು ಅವರು ನನಗೆ ಪುಸ್ತಕ ತೆರೆಯದೆ ಕಲಿಸಿದರು. "ನಿಮ್ಮ ಮನೆ ಕೆಂಪುಕಲ್ಲಿನದ್ದಾ? ಮಳೆಗಾಲದಲ್ಲಿ ಗೋಡೆಯ ಒಳಗೆ ನೀರು ಇಳೀತದಲ್ಲ, ಹಾಗೆ. ಗರ್ಭಕೋಶದ ಒಳಗಿನ ಪದರ ಒಳಗೇ ಇರ್ಬೇಕು. ಇದರಲ್ಲಿ ಅದು ಸ್ನಾಯುವಿನ ಗೋಡೆಗೆ ನುಗ್ತದೆ. ತಿಂಗಳು ತಿಂಗಳು ಅಲ್ಲಿಯೂ ರಕ್ತ ಒಸರ್ತದೆ. ಹೋಗ್ಲಿಕ್ಕೆ ದಾರಿ ಇಲ್ಲ. ಗೋಡೆ ದಪ್ಪ ಆಗ್ತದೆ, ಬಿಗೀತದೆ. ಹೊರಗಿಂದ ನೋಡಿದವರಿಗೆ ಎಂತದೂ ಇಲ್ಲ. ನಾಲ್ಕು ಜನ ಕೇಳ್ತಾರೆ, ಎಲ್ಲ ಹೆಂಗಸರಿಗೂ ಬರುವ ನೋವಲ್ವಾ, ನಿಂದೇನು ವಿಶೇಷ ಅಂತ."

ಇದಿದ್ದವರಿಗೆಲ್ಲ ಮಕ್ಕಳಾಗುವುದಿಲ್ಲ ಎಂದಲ್ಲ. ಎಷ್ಟೋ ಜನರಿಗೆ ಆಗುತ್ತದೆ. ಆಗುತ್ತದೆ ಎಂಬ ಆ ಒಂದು ಮಾತೇ ಮೇಡಂ ಅವರನ್ನು ವರ್ಷಗಟ್ಟಲೆ ಅಲೆದಾಡಿಸಿತು.

ಗಂಡ ಗಲ್ಫಿನಲ್ಲಿ. ವರ್ಷಕ್ಕೆ ಒಮ್ಮೆ ರಜೆ. ರಜೆಯ ತಾರೀಕು ಕಂಪೆನಿಯವರು ಕೊಡುವುದು, ಹೊಟ್ಟೆಯ ತಾರೀಕು ಹೊಟ್ಟೆ ಕೊಡುವುದು. ಎರಡೂ ಕೂಡಿ ಬರುತ್ತಿರಲಿಲ್ಲ. ಅವರು ವಿಮಾನ ಇಳಿದ ದಿನವೇ ಇವರಿಗೆ ರಕ್ತಸ್ರಾವ ಶುರುವಾಗಿ, ರಜೆಯ ಅರ್ಧ ಹಾಗೇ ಹೋದದ್ದುಂಟು. "ಅವರು ಖರ್ಜೂರ, ಚಾಕಲೇಟು, ಕಂಬಳಿ ಎಲ್ಲ ತರ್ತಾರೆ. ನಾನು ಕಂಬಳಿ ಹೊದ್ದು ಮಲಗ್ತೇನೆ, ಅವರು ಕೂತು ಚಾಕಲೇಟ್ ತಿಂತಾರೆ. ಭಾರೀ ಸಂಸಾರ ನಮ್ಮದು" ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ನಾನು ನೋಡಿದ್ದೇನೆ, ಲ್ಯಾಬಿನ ಬಾಗಿಲಲ್ಲಿ ಟಿಫಿನ್ ಹಿಡಿದು ನಿಲ್ಲುತ್ತಿದ್ದರು. ಒಳಗೆ ಬರಲು ಹೆದರಿಕೆ.

ಮದ್ದು ಇರಲಿಲ್ಲವೇ ಎಂದರೆ ಇತ್ತು. ನೋವು ತಗ್ಗಿಸುವ ಹಾರ್ಮೋನ್ ಮಾತ್ರೆ ಇತ್ತು. ಅದನ್ನು ತಿನ್ನುವಷ್ಟು ದಿನ ಮೇಡಂ ಓವನ್ನಿಗೆ ಒರಗುತ್ತಿರಲಿಲ್ಲ, ಹಾಡು ಗುನುಗುತ್ತಿದ್ದರು. ಆದರೆ ಅದು ತಿನ್ನುವಾಗ ಗರ್ಭ ನಿಲ್ಲುವುದಿಲ್ಲ. ಮಗುವಿಗೆಂದು ಮಾತ್ರೆ ನಿಲ್ಲಿಸಿದರೆ ನೋವು ಹಿಂದಿನದಕ್ಕಿಂತ ಜೋರು. ರೋಗದ ಭಾಗವನ್ನು ಮಾತ್ರ ಕತ್ತರಿಸಿ ತೆಗೆಯುವ ಆಪರೇಷನ್ ಉಂಟು. ಮೇಡಂಗೆ ಅದು ಗೋಡೆ ತುಂಬಾ ಹರಡಿತ್ತು, ತೆಗೆದರೆ ಉಳಿಯುವುದಕ್ಕೆ ಏನೂ ಇರಲಿಲ್ಲ. ದೊಡ್ಡ ಊರುಗಳಲ್ಲಿ ಹೊರಗಿಂದ ಶಬ್ದದ ಅಲೆ ಹಾಯಿಸಿ ಒಳಗೆ ಸುಡುವ ಹೊಸ ಚಿಕಿತ್ಸೆ ಬಂದಿದೆ ಎಂದು ಓದಿದರು. ಅದಾದ ಮೇಲೆ ಗರ್ಭ ನಿಂತರೆ ಎಷ್ಟು ಭದ್ರ ಎಂದು ಡಾಕ್ಟರನ್ನು ಕೇಳಿದರು. "ಖಂಡಿತ ಹೇಳುವಷ್ಟು ಗೊತ್ತಿಲ್ಲಮ್ಮ" ಎಂದರಂತೆ ಅವರು. ಸುಳ್ಳು ಹೇಳದ ಡಾಕ್ಟರ್ ಎಂದು ಮೇಡಂಗೆ ಅವರ ಮೇಲೆ ಗೌರವ.

ಅದೇ ಸಮಯಕ್ಕೆ ನಮ್ಮಲ್ಲಿ ಎಂಡಿ ಓದುತ್ತಿದ್ದ ಒಬ್ಬ ಡಾಕ್ಟರು ಇದೇ ರೋಗದ ಮೇಲೆ ಪ್ರಬಂಧ ಬರೆಯುತ್ತಿದ್ದರು. ಹಳೆಯ ಮೇಣದ ಅಚ್ಚುಗಳನ್ನೆಲ್ಲ ಕಪಾಟಿನಿಂದ ತೆಗೆಸಿ, ಹೊಸದಾಗಿ ಕತ್ತರಿಸಿ ಕೊಡಬೇಕಿತ್ತು. ಮೇಡಂ ಒಂದನ್ನೂ ಬೇರೆಯವರಿಗೆ ಬಿಡಲಿಲ್ಲ. ಕತ್ತರಿಸುವಾಗ ಉಸಿರು ಹಿಡಿಯುತ್ತಿದ್ದರು. ಉಸಿರು ತಾಗಿದರೂ ರಿಬ್ಬನ್ ಹಾರುತ್ತದೆ.

"ಡಾಕ್ಟ್ರೇ, ಇವರೆಲ್ಲ ಗರ್ಭಕೋಶ ತೆಗೆಸಿದವರಲ್ವಾ?" ಎಂದು ಒಂದು ದಿನ ಕೇಳಿದರು.

"ಹೌದು ಮೇಡಂ. ಹೊರಗೆ ಬಂದ ಮೇಲೇ ಅಲ್ವಾ ನಮಗೆ ಪೂರ್ತಿ ನೋಡ್ಲಿಕ್ಕೆ ಸಿಗುವುದು."

"ಅಂದ್ರೆ ನಾವು ನೋಡುವುದೆಲ್ಲ ಮುಗಿದ ಕತೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮೇಡಂಗೆ ಪಾಪ ಅನ್ನಿಸಿರಬೇಕು. "ಅಲ್ಲ, ನೀವು ಬರೀರಿ. ನಾನು ಓದಿದ ಪೇಪರಿನಲ್ಲೆಲ್ಲ ಕಡೆಗೆ ಒಂದೇ ವಾಕ್ಯ, ಇನ್ನೂ ಹೆಚ್ಚಿನ ಅಧ್ಯಯನ ಬೇಕು ಅಂತ. ನೀವು ಒಂದು ಬೇರೆ ವಾಕ್ಯ ಬರೀರಿ ನೋಡುವ" ಎಂದು ನಗಿಸಿದರು.

ಆ ವರ್ಷ ನಾನು ಬಯೋಕೆಮಿಸ್ಟ್ರಿಯಲ್ಲಿ ಫೇಲಾದೆ. ಮೊದಲ ಸಲ ಅಲ್ಲ. ಇಂಗ್ಲಿಷಿನಲ್ಲಿ ಬರೆಯಬೇಕು, ನನ್ನದು ಕನ್ನಡ ಮಾಧ್ಯಮದ ಶಾಲೆ. ಮಾವನ ಸಂಕ ಕಣ್ಣ ಮುಂದೆ ಬಂತು. ಮೇಡಂ ನನ್ನ ಎದುರು ಚಾ ಇಟ್ಟು, "ಫೇಲಾದ್ರೆ ಎಂತ ಈಗ? ನಿನ್ನ ಪರೀಕ್ಷೆಗಾದ್ರೆ ಸಪ್ಲಿಮೆಂಟರಿ ಉಂಟು" ಎಂದರು. ಮಧ್ಯಾಹ್ನ ಊಟದ ಹೊತ್ತಿಗೆ ನನ್ನಿಂದ ಬಾಯಿಪಾಠ ಒಪ್ಪಿಸಿಕೊಳ್ಳತೊಡಗಿದರು. ತಪ್ಪಿದರೆ ಬ್ರಷ್ಷಿನ ಹಿಡಿಯಿಂದ ಬೆರಳಗಂಟಿಗೆ ಒಂದು ಕುಟ್ಟುವುದು. ಅವರು ಕುಟ್ಟಿದ್ದಕ್ಕೇ ನಾನು ಪಾಸಾದದ್ದು.

ನಮ್ಮ ರಿಸೆಪ್ಷನ್ನಿನ ಹುಡುಗಿ ಗರ್ಭಿಣಿಯಾದಾಗ ಆಸ್ಪತ್ರೆಯ ಹೆಂಗಸರೆಲ್ಲ ಸೇರಿ ಕ್ಯಾಂಟೀನಿನಲ್ಲಿ ಚಿಕ್ಕದಾಗಿ ಬಯಕೆಯ ಶಾಸ್ತ್ರ ಮಾಡಿದೆವು. ಮಲ್ಲಿಗೆ ತಂದವರು, ಬಳೆ ಆರಿಸಿದವರು, ತಿಂಡಿ ಹೇಳಿಟ್ಟವರು ಮೇಡಂ. ಹುಡುಗಿಯ ಜಡೆ ಹೆಣೆದವರೂ ಅವರೇ. ಒಬ್ಬೊಬ್ಬರಾಗಿ ಹೂ ಮುಡಿಸುವ ಹೊತ್ತಿಗೆ ಹಿರಿಯ ನರ್ಸ್ ಒಬ್ಬರು, "ಮೊದಲು ಮಕ್ಕಳಾದವರು ಬನ್ನಿ" ಎಂದು ಕರೆದರು. ಕೆಟ್ಟ ಮನಸ್ಸಿನಿಂದಲ್ಲ, ಎಲ್ಲ ಕಡೆ ಹೇಳುವ ಹಾಗೆ ಹೇಳಿದ್ದು. ಮೇಡಂ ಕೈ ಒರೆಸಿಕೊಂಡು, "ನನ್ನ ಐಸ್ ಕರಗ್ತದೆ" ಎಂದು ಎದ್ದರು. ಹೋಗಬೇಡಿ ಎಂದು ಯಾರೂ ಹೇಳಲಿಲ್ಲ.

ಸಂಜೆ ಆ ಹುಡುಗಿಯೇ ಲ್ಯಾಬಿಗೆ ಬಂದು, "ನೀವು ಮುಡಿಸ್ಲೇ ಇಲ್ಲ ಮೇಡಂ" ಎಂದು ಹೂವಿನ ತುಂಡೊಂದನ್ನು ಮುಂದೆ ಹಿಡಿದಳು. "ನನ್ನ ಕೈ ಫಾರ್ಮಲಿನ್ ವಾಸನೆ ಮಾರಾಯ್ತಿ, ಮಗುವಿಗೆ ಆಗುವುದಿಲ್ಲ" ಎಂದು ಕೈಯನ್ನು ಏಪ್ರನ್ನಿನ ಕಿಸೆಗೆ ಹಾಕಿದರು.

ಕೊನೆಗೆ ಟೆಸ್ಟ್‌ಟ್ಯೂಬ್ ದಾರಿ ಹಿಡಿದರು. ಗಂಡ ರಜೆಗೆ ಬಂದಾಗ ಭ್ರೂಣ ಮಾಡಿಸಿ ಥಂಡಿಯಲ್ಲಿ ಇರಿಸಿದ್ದಾಯಿತು. ಆಮೇಲೆ ಕೆಲವು ತಿಂಗಳು ಇಂಜೆಕ್ಷನ್. ಅದು ಮುಟ್ಟನ್ನು ನಿಲ್ಲಿಸಿ ಗರ್ಭಕೋಶವನ್ನು ಸ್ವಲ್ಪ ಕುಗ್ಗಿಸುತ್ತದೆ, ಗೋಡೆ ಮೆತ್ತಗಾದ ಮೇಲೆ ಭ್ರೂಣ ಇಡುತ್ತಾರೆ. ಆ ತಿಂಗಳುಗಳಲ್ಲಿ ಮೇಡಂಗೆ ಮುದುಕಿಯರ ಸೆಖೆ. ಕೂತಲ್ಲೇ ಬೆವರಿ ಮುಖ ಕೆಂಪಾಗುವುದು. "ಅತ್ತೆಗೆ ಮುಟ್ಟು ನಿಂತದ್ದು ಹೋದ ಕಾಲದಲ್ಲಿ, ನನಗೆ ಈಗ. ಇಬ್ಬರೂ ಒಂದೇ ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ತೇವೆ" ಎನ್ನುತ್ತಿದ್ದರು. ಮೊದಲ ಸಲ ಇಟ್ಟ ಭ್ರೂಣ ಅಂಟಲಿಲ್ಲ. ಪುನಃ ಇಂಜೆಕ್ಷನ್, ಪುನಃ ಸೆಖೆ.

ಎರಡನೆಯ ಭ್ರೂಣ ಇಟ್ಟ ಮೇಲೆ ಒಂದು ಬೆಳಿಗ್ಗೆ ಮೇಡಂ ಫ್ರಿಡ್ಜಿನ ಎದುರು ನಿಂತು, "ಐಸ್ ಟ್ರೇ ನೀನು ಎತ್ತು" ಎಂದರು.

ನಾನು ಅವರ ಮುಖ ನೋಡಿದೆ. ಅವರು ಬೇರೆ ಕಡೆ ನೋಡಿದರು. ನಾನು ಎತ್ತಿದೆ. ಮರುದಿನವೂ ನಾನೇ ಎತ್ತಿದೆ. ಅದರ ಮರುದಿನವೂ. ಅವರು ನಿಧಾನ ನಡೆಯುತ್ತಿದ್ದರು, ಸ್ಟೂಲಿನ ಮೇಲೆ ಕೂರುವಾಗ ಒಂದು ಕೈ ಬೆಂಚಿಗೆ ಊರುತ್ತಿದ್ದರು. ಓವನ್ನಿನ ಹತ್ತಿರ ಹೋಗುತ್ತಿರಲಿಲ್ಲ. ಟ್ರೇ ಇಡುವಾಗ ನಾನೂ ಸದ್ದು ಮಾಡುತ್ತಿರಲಿಲ್ಲ. ಅಷ್ಟು ಸಂತೋಷದಲ್ಲಿ ನಾನು ಯಾವತ್ತೂ ಐಸ್ ಹೊತ್ತದ್ದಿಲ್ಲ.

ಆಮೇಲೆ ಕೆಲವು ದಿನ ಅವರು ಬರಲಿಲ್ಲ. ತಿರುಗಿ ಬಂದ ಬೆಳಿಗ್ಗೆ ನಾನು ಟ್ರೇಗೆ ಕೈ ಹಾಕುವಷ್ಟರಲ್ಲಿ, "ಬಿಡು, ನಾನು ತರ್ತೇನೆ" ಎಂದರು. ಎತ್ತಿ ತಂದು ಹಿಂದಿನ ಹಾಗೇ ಧಡ್ಡನೆ ಇಟ್ಟರು.

ಅದರ ಮೇಲೆ ಅವರ ದೇಹ ಸೋಲುತ್ತಾ ಬಂತು. ರಕ್ತ ಹೋಗಿ ಹೋಗಿ ತುಟಿ ಬೆಳ್ಳಗಾಯಿತು. ಒಮ್ಮೆ ಯಂತ್ರದ ಎದುರೇ ಕಣ್ಣು ಕತ್ತಲೆ ಬಂದು ಬಿದ್ದರು, ರಕ್ತ ಕೊಡಬೇಕಾಯಿತು. ದತ್ತು ತೆಗೆದುಕೊಳ್ಳಬಹುದಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. "ಮಗುವನ್ನು ಎತ್ತಿಕೊಳ್ಳಬೇಕಾದ್ರೆ ಮೊದಲು ನಾನು ಎದ್ದು ನಿಲ್ಬೇಕಲ್ಲ" ಎಂದು ಅವರು ಒಂದೇ ಉತ್ತರ ಕೊಡುತ್ತಿದ್ದರು. ಗರ್ಭಕೋಶ ತೆಗೆಸುವುದು ಎಂದು ನಿರ್ಧಾರ ಮಾಡಿದವರು ಅವರೇ. ಗಂಡ ಫೋನಿನಲ್ಲಿ ಅತ್ತರಂತೆ. ಇವರು ಅಳಲಿಲ್ಲ. ಅಡ್ಮಿಟ್ ಆಗುವ ಮುಂಚಿನ ದಿನ ಬ್ಲೇಡು ಬದಲಾಯಿಸುತ್ತಾ ನನಗೆ ಹೇಳಿದರು: "ನನ್ನದು ಬಂದಾಗ ನೀನೇ ಕತ್ತರಿಸು. ಆ ಹೊಸ ಹುಡುಗರಿಗೆ ಕೊಡ್ಬೇಡ, ರಿಬ್ಬನ್ ಹರಿದು ಹಾಕ್ತಾರೆ."

ಡಬ್ಬಿ ಬಂತು. ಎಲ್ಲ ಡಬ್ಬಿಗಳ ಹಾಗೆ ಬಿಳಿ ಡಬ್ಬಿ, ನೀಲಿ ಪೆನ್ನಿನ ಅಕ್ಷರ. ಪ್ರಬಂಧದ ಡಾಕ್ಟರೇ ಇದ್ದರು. ಇಬ್ಬರೂ ಗ್ಲೌಸ್ ಹಾಕಿ ನಿಂತೆವು. ಕಾನೂನು ಕಾನೂನೇ. ನಾನು ಗಟ್ಟಿಯಾಗಿ ಓದಿದೆ. ಹೆಸರು. ವಯಸ್ಸು. ನಂಬರು. ಗರ್ಭಕೋಶ. ಡಾಕ್ಟರು ತಿರುಗಿ ಹೇಳಬೇಕು. ಅವರು ಡಬ್ಬಿಯ ಅಕ್ಷರವನ್ನು ಇನ್ನೊಮ್ಮೆ ನೋಡಿದರು. ನಾನು ಕಾದೆ. ಆಮೇಲೆ ಅವರು ಹೇಳಿದರು, ಪ್ರತಿಯೊಂದನ್ನೂ, ಸರಿಯಾಗಿ. ನಾನು ಮುಚ್ಚಳ ತೆಗೆದೆ.

ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗೋಡೆ ದಪ್ಪವಿತ್ತು, ಮೇಡಂ ಕಲಿಸಿದ ಹಾಗೇ ಇತ್ತು. ಉಸಿರು ಹಿಡಿದು ಕತ್ತರಿಸಿದೆ. ರಿಬ್ಬನ್ ಹರಿಯಲಿಲ್ಲ.

ರಜೆ ಮುಗಿಸಿ ಬಂದ ಮೇಡಂ ಬ್ಯಾಗ್ ಇಡುವ ಮೊದಲು, "ಎಲ್ಲಿ ನನ್ನದು?" ಎಂದರು. ಸ್ಲೈಡನ್ನು ಮೈಕ್ರೋಸ್ಕೋಪಿನ ಅಡಿಗೆ ಇಟ್ಟುಕೊಟ್ಟೆ. ಗುಲಾಬಿ ಬಣ್ಣದ ಸ್ನಾಯುವಿನ ನಡುವೆ ಅಲ್ಲಲ್ಲಿ ನೇರಳೆ ಬಣ್ಣದ ದ್ವೀಪಗಳು. ತುಂಬಾ ಹೊತ್ತು ನೋಡಿದರು. "ಕಟ್ ಚಂದ ಬಂದಿದೆ. ಒಂದು ಗೆರೆ ಇಲ್ಲ" ಎಂದರು. ಮತ್ತೆ ನೋಡಿದರು. ಕಣ್ಣು ತೆಗೆಯದೆಯೇ, "ಇಷ್ಟೇ ಇದ್ದದ್ದಾ?" ಎಂದು ಕೇಳಿದರು.

ಡಾಕ್ಟರು ಸಂಕೋಚದಲ್ಲಿ ಬಂದು, ಅದನ್ನು ತಮ್ಮ ಅಧ್ಯಯನಕ್ಕೆ ಸೇರಿಸಬಹುದೇ ಎಂದು ವಿಚಾರಿಸಿದರು. "ಸೇರಿಸಿ. ಕೊನೆಯ ವಾಕ್ಯ ಅದೇ ಅಲ್ವಾ?"

"ಅದೇ ಮೇಡಂ. ಬೇರೆ ಬರೀಲಿಕ್ಕೆ ಆಗ್ಲಿಲ್ಲ."

"ಹಾಗಾದ್ರೆ ಹಾಗೇ ಇರ್ಲಿ. ಮಾಡಿ, ಇನ್ನೂ ಹೆಚ್ಚಿನ ಅಧ್ಯಯನ."

ಮೇಡಂ ಲ್ಯಾಬಿನಲ್ಲಿ ಹೆಚ್ಚು ಸಮಯ ಇರಲಿಲ್ಲ. ಒಂದು ದಿನ ಒಂದು ಡಬ್ಬಿ ಬಂತು. ಚಿಕ್ಕ ಪ್ರಾಯದ ಹೆಂಗಸಿನದ್ದು. ಮೇಡಂ ಹೆಸರು ಓದಿದರು, ನಾನು ತಿರುಗಿ ಹೇಳಿದೆ. ಅವರು ಮುಚ್ಚಳದ ಮೇಲೆ ಕೈ ಇಟ್ಟು ಹಾಗೇ ನಿಂತರು. ಆಮೇಲೆ ಗ್ಲೌಸ್ ತೆಗೆದು ಬೆಂಚಿನ ಮೇಲೆ ಇಟ್ಟು, "ನಂಗೆ ಸಾಕಾಯ್ತು ಮಾರಾಯ್ತಿ" ಎಂದರು. ಆ ತಿಂಗಳ ಕೊನೆಗೆ ಕೆಲಸ ಬಿಟ್ಟರು.

ನನ್ನ ಡಿಗ್ರಿ ಬಂದದ್ದು ಆ ಮೇಲೆ. ಘಟಿಕೋತ್ಸವಕ್ಕೆ ಮಾವ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರು. "ನಾನು ಅವತ್ತು ಹಾಗೆ ಹೇಳಿದ್ದು ನಿಂಗೆ ಹಠ ಬರ್ಲಿ ಅಂತ" ಎಂದು ಅಮ್ಮನ ಎದುರೇ ಹೇಳಿದರು. ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ನಮ್ಮ ಮನೆತನದಲ್ಲೇ ಮೊದಲ ಡಿಗ್ರಿ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಮರುದಿನ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಕುಲಶೇಖರದ ಬಸ್ಸು ಹತ್ತಿದೆ. ಮೇಡಂ ಮನೆಯ ಜಗಲಿಯಲ್ಲಿ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಸ್ವಲ್ಪ ದಪ್ಪಗಾಗಿದ್ದರು. ನೋವು ಇಲ್ಲವಂತೆ. "ಎಂತದೂ ಇಲ್ಲ ಈಗ. ಭಾರೀ ಆರಾಮ" ಎಂದರು. ಅವರು ಅಷ್ಟು ಚಪ್ಪೆಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕೈ ತೊಳೆದು ಬಂದರು. ನಾನು ಸರ್ಟಿಫಿಕೇಟ್ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಡಬ್ಬಿ ಓದುವ ಸ್ವರದಲ್ಲೇ ಗಟ್ಟಿಯಾಗಿ ಓದಿದರು. ನನ್ನ ಹೆಸರು. ನನ್ನ ನಂಬರು. ಬ್ಯಾಚುಲರ್ ಆಫ್ ಸೈನ್ಸ್. ನಾನು ತಿರುಗಿ ಹೇಳಿದೆ. ಅವರು ತಲೆಯಾಡಿಸಿದರು.

ಮೇಡಂನ ಅತ್ತೆಗೆ, ಆ ಅಜ್ಜಿಗೆ, ಕಿವಿ ಚುರುಕು. "ಅದೆಂತ ಓದಿದ್ದು?" ಎಂದು ಕೇಳಿದರು. ನಾನು ಪಕ್ಕದಲ್ಲಿ ಕೂತು ಹೇಳಿದೆ. ಬೀಡಿ, ಸಂಕ, ಮಾವ ಅಂಗಳದಲ್ಲಿ ನಿಂತು ಹೇಳಿದ ಮಾತು, ಎಲ್ಲ. ಅಜ್ಜಿ ನಗುತ್ತಾರೆ ಎಂದುಕೊಂಡಿದ್ದೆ. ಅವರು ಸೊಸೆಯ ಕಡೆ ನೋಡಿದರು. ಮೇಡಂ ಸರ್ಟಿಫಿಕೇಟನ್ನು ಮೆಲ್ಲಗೆ ಫೈಲಿಗೆ ಸೇರಿಸುತ್ತಿದ್ದರು, ಮೂಲೆ ಮಡಚದ ಹಾಗೆ.

"ನಿನ್ನ ಮಾವನ ಮಾತು ಸುಳ್ಳಾಯ್ತಲ್ಲ, ಒಳ್ಳೇದಾಯ್ತು" ಎಂದರು ಅಜ್ಜಿ. "ನನ್ನದೂ ಸುಳ್ಳಾಗ್ಬೇಕಿತ್ತು ಮಗಾ."